‘ಸರ್ವರ್ ಇಲ್ಲ ಅಲ್ವಾ ತಾಯಿ?’

ಪ್ರಶ್ನೆ: ತಾಲ್ಲೂಕು ಕಚೇರಿಯಲ್ಲಿ ಎಸ್‌ಡಿಎ (ದ್ವಿತೀಯ ದರ್ಜೆ ಸಹಾಯಕಿ) ಆಗಿ ಆರು ವರ್ಷ ಆಯಿತು. ಮೊದಮೊದಲು ಬಂದ ಕೆಲಸ ಅಂದೇ ಮುಗಿಸುತ್ತಿದ್ದೆ. ಈಗ ಬಾಯಿ ತೆರೆದರೆ ‘ಸರ್ವರ್ ಇಲ್ಲ’, ‘ಸಾಹೇಬ್ರು ಮೀಟಿಂಗ್‌ನಲ್ಲಿದ್ದಾರೆ’, ‘ನಾಳೆ ಬನ್ನಿ’. ಮೊನ್ನೆ ಪಹಣಿಯಲ್ಲಿ ಹೆಸರು ತಿದ್ದಿಸಲು ನಾಲ್ಕನೇ ಸಲ ಬಂದ ಅಜ್ಜಿ, ನಾನು ಏನೂ ಹೇಳುವ ಮುಂಚೆಯೇ ‘ಸರ್ವರ್ ಇಲ್ಲ ಅಲ್ವಾ ತಾಯಿ?’ ಎಂದು ವಾಪಸ್ ಹೊರಟರು. ಅವತ್ತು ಸರ್ವರ್ ಇತ್ತು. ನಾನು ಹೀಗ್ಯಾಕಾದೆ?

ಉತ್ತರ: ತಂಗಿ, ನೀವು ಸೋಮಾರಿ ಅಂತ ನನಗೆ ಅನ್ನಿಸುತ್ತಿಲ್ಲ. ಎಲ್ಲ ಫೈಲಿಗೂ ನೀವು ‘ನಾಳೆ ಬನ್ನಿ’ ಅನ್ನುವುದಿಲ್ಲ, ನೆನಪಿಸಿಕೊಳ್ಳಿ. ಮುಂದೇನು ಅಂತ ಗೊತ್ತಿರುವ ಫೈಲು ಬೇಗ ಮುಗಿಯುತ್ತದೆ. ಹಳೇ ಮ್ಯುಟೇಶನ್ (ಹಕ್ಕು ಬದಲಾವಣೆ ದಾಖಲೆ) ಹುಡುಕಬೇಕಾದ್ದು, ವಿಎ (ಗ್ರಾಮ ಆಡಳಿತಾಧಿಕಾರಿ) ರಿಪೋರ್ಟ್ ತರಿಸಬೇಕಾದ್ದು, ಸಾಹೇಬರಿಂದ ಬೈಸಿಕೊಳ್ಳಬಹುದಾದ್ದು, ಅಂಥವೇ ಕಟ್ಟಿನ ತಳಕ್ಕೆ ಹೋಗುತ್ತವೆ. ನೆಪದ ಹಿಂದೆ ಬಹಳ ಸಲ ಇರುವುದು ಅಂಜಿಕೆ.

ಹಿಂದೆ ದೆವ್ವ ಬರಬಾರದು ಅಂತ ಬಾಗಿಲ ಮೇಲೆ ‘ನಾಳೆ ಬಾ’ ಎಂದು ಬರೆಯುತ್ತಿದ್ದರು. ಆ ಮಾತನ್ನು ಅಜ್ಜಿಗೆ ಹೇಳಿ ಕಳಿಸಬಾರದು, ಅಲ್ವಾ?

ನಿಮ್ಮ ಕಚೇರಿಯಲ್ಲೇ ಇದಕ್ಕೊಂದು ದಾರಿಯಿದೆ, ಹಿಂಬರಹ, ಅಂದರೆ ಅರ್ಜಿಗೆ ಕಚೇರಿ ಬರೆದುಕೊಡುವ ಉತ್ತರ. ಯಾರನ್ನಾದರೂ ವಾಪಸ್ ಕಳಿಸುವ ಮುಂಚೆ, ಆ ಕಾರಣವನ್ನು ಹಿಂಬರಹದಲ್ಲಿ ಬರೆಯಬಹುದಾ ಎಂದು ಕೇಳಿಕೊಳ್ಳಿ. ‘ವಂಶವೃಕ್ಷ ಲಗತ್ತಿಸಿಲ್ಲ’ ಎಂದು ಬರೆಯಬಹುದು. ‘ನಾಳೆ ಬನ್ನಿ’ ಎಂದು ಬರೆಯಲು ಕೈ ಏಳುವುದಿಲ್ಲ. ಬರೆಯಲಾಗದ ಕಾರಣವನ್ನು ಹೇಳಲೂ ಬೇಡಿ. ಸರ್ವರ್ ನಿಜವಾಗಿಯೂ ಕೈ ಕೊಡುತ್ತದೆ, ಅದು ನಿಮ್ಮ ತಪ್ಪಲ್ಲ. ಆಗ ಯಾವ ದಿನ ಬರಬೇಕು ಎಂದು ಚೀಟಿಯಲ್ಲಿ ಬರೆದುಕೊಡಿ.

2012ರಲ್ಲಿ ಸಕಾಲ ಬಂತು, ಸರ್ಕಾರಿ ಸೇವೆಯನ್ನು ಗಡುವಿನೊಳಗೆ ಕೊಡಬೇಕು ಅನ್ನುವ ಕಾಯ್ದೆ. ಅದರ ಪಟ್ಟಿಯಲ್ಲಿರುವ ಸೇವೆ ತಡವಾದರೆ ದಿನಕ್ಕೆ 20 ರೂಪಾಯಿಯಂತೆ, ಹೆಚ್ಚೆಂದರೆ 500 ರೂಪಾಯಿ ಪರಿಹಾರ ಕೇಳಬಹುದು. ಆದರೆ ನಾಲ್ಕು ಸಲ ಸುಮ್ನೆ ಹಿಂತಿರುಗಿದ ಅಜ್ಜಿ ಅದನ್ನೆಲ್ಲ ಕೇಳುತ್ತಾರಾ? ಗಡುವನ್ನು ನೀವೇ ಹಾಕಿಕೊಳ್ಳಬೇಕು.

‘ಇವಳೊಬ್ಬಳೇ ಊರು ಉದ್ಧಾರ ಮಾಡ್ತಾಳೆ’ ಎಂದು ಪಕ್ಕದ ಟೇಬಲ್‌ನವರು ಅನ್ನಬಹುದು. ಅನ್ನಲಿ.

ಸೋಮವಾರ ಜನ ಬರುವ ಮುಂಚೆ ಅಜ್ಜಿಯ ಫೈಲು ಹಿಡಿದು ರೆಕಾರ್ಡ್ ರೂಮಿಗೆ ಹೋಗಿ. ಗೊತ್ತಾಗದಿದ್ದರೆ ಶಿರಸ್ತೇದಾರರನ್ನು ಕೇಳಿ, ಕೇಳುವುದರಲ್ಲಿ ನಾಚಿಕೆಯಿಲ್ಲ. ಹೆಂಗಸರಿಗೆ ಬಸ್ ಉಚಿತವಾದ್ದರಿಂದ ಅಜ್ಜಿಗೆ ಈಗ ಬಸ್ ಚಾರ್ಜ್ ಇಲ್ಲದಿರಬಹುದು, ಆದರೆ ಬಂದು ಹೋಗುವುದರಲ್ಲಿ ಒಂದು ದಿನವೇ ಹೋಗುತ್ತದೆ. ಅರ್ಜಿಯಲ್ಲಿ ಫೋನ್ ನಂಬರ್ ಇರುತ್ತದೆ, ಅವರದೋ ಮಗನದೋ. ಕೆಲಸ ಮುಗಿದ ಮೇಲೆ ನೀವೇ ಫೋನ್ ಮಾಡಿ. ‘ಅಜ್ಜಿ, ಅವತ್ತು ಸರ್ವರ್ ಇತ್ತು, ತಪ್ಪು ನನ್ನದು. ಈಗ ಬನ್ನಿ’ ಅನ್ನಿ.