ಕಾರವಾರ ಉಳಿಯಿತು, ಭಟ್ಕಳ ಕೆಟ್ಟಿತು: ಮೈಎಸ್‌ಕ್ಯೂಎಲ್‌ನಲ್ಲಿ ಕನ್ನಡವನ್ನು ಕನ್ವರ್ಟ್ ಮಾಡುವಾಗ

ಮೈಎಸ್‌ಕ್ಯೂಎಲ್ ಡೇಟಾಬೇಸ್‌ನ ಹಳೆಯ ಲ್ಯಾಟಿನ್1 (ಪಶ್ಚಿಮ ಯುರೋಪಿನ ಅಕ್ಷರಗಳ ಸಂಕೇತಪಟ್ಟಿ) ಟೇಬಲ್ಲನ್ನು ಆಲ್ಟರ್ ಆಜ್ಞೆ ಕೊಟ್ಟು ಯುಟಿಎಫ್8ಎಂಬಿ4ಗೆ, ಅಂದರೆ ಎಲ್ಲ ಭಾಷೆಗೂ ಆಗುವ ಯುಟಿಎಫ್8ಗೆ, ಬದಲಿಸಿದ್ದೀರಿ. ಆದರೂ ಕನ್ನಡದ ಜಾಗದಲ್ಲಿ ತಲೆಮೇಲೆ ಗೆರೆಯಿರುವ ಇಂಗ್ಲಿಷ್ ‘ಎ’, ಪಕ್ಕದಲ್ಲಿ ಪುಟ್ಟ 2 ಬರುತ್ತಿದೆ. ಕನ್ವರ್ಟ್ ಫಂಕ್ಷನ್‌ನಿಂದ ಸರಿಯಾದೀತೇ ಎಂದು ಕೇಳಿದ್ದೀರಿ. ಆಗುತ್ತದೆ, ಆದರೆ ಒಂದೇ ಕನ್ವರ್ಟ್ ಸಾಲದು.

‘ಕ’ ಎಂದರೆ ಯುಟಿಎಫ್8ನಲ್ಲಿ ಮೂರು ಬೈಟ್: ಇ0, ಬಿ2, 95. ನಿಮ್ಮ ಹಳೆಯ ಪ್ರೋಗ್ರಾಂ ಅದನ್ನು ಲ್ಯಾಟಿನ್1 ಕನೆಕ್ಷನ್ ಮೂಲಕ ಕಳಿಸಿತ್ತು, ಡೇಟಾಬೇಸ್ ಮೂರು ಬಿಡಿ ಅಕ್ಷರ ಎಂದೇ ಇಟ್ಟುಕೊಂಡಿತ್ತು. ಆಲ್ಟರ್ ಕೊಟ್ಟಾಗ ಆ ಮೂರನ್ನೂ ಮತ್ತೆ ಯುಟಿಎಫ್‌ಗೆ ತಿರುಗಿಸಿತು. ಈಗ ‘ಕ’ ಒಂದಕ್ಕೇ ಏಳು ಬೈಟ್. ಖಾತ್ರಿ ಬೇಕಿದ್ದರೆ ‘ಕಾರವಾರ’ ಇರುವ ಸಾಲಿಗೆ ಕ್ಯಾರ್_ಲೆಂಗ್ತ್ (ಅಕ್ಷರ, ಸ್ವರಚಿಹ್ನೆಗಳನ್ನು ಬಿಡಿಬಿಡಿಯಾಗಿ ಎಣಿಸುವ ಫಂಕ್ಷನ್) ಹಾಕಿ ನೋಡಿ. 6 ಬಂದರೆ ಸರಿ ಇದೆ, 18 ಬಂದರೆ ಇದೇ ರೋಗ.

ಬಂದ ದಾರಿಯಲ್ಲೇ ಹಿಂದಕ್ಕೆ ಹೋಗಬೇಕು. ಮೊದಲು ಕಾಲಂ ಅನ್ನು ಲ್ಯಾಟಿನ್1ಗೆ ಕನ್ವರ್ಟ್ ಮಾಡಿ, ಅದನ್ನು ಬೈನರಿಗೆ (ಬರೀ ಬೈಟ್‌ಗಳಿಗೆ) ಕ್ಯಾಸ್ಟ್ ಮಾಡಿ, ಅದರ ಮೇಲೆ ಯುಟಿಎಫ್8ಎಂಬಿ4 ಕನ್ವರ್ಟ್ ಹಾಕಿ. ನಡುವಿನ ಬೈನರಿಯೇ ಮುಖ್ಯ. ಬೈಟ್‌ಗಳನ್ನು ಮುಟ್ಟದೆ ಹೆಸರಷ್ಟೇ ಬದಲಿಸುವುದು ಅದೊಂದೇ.

ದಯವಿಟ್ಟು ಇಡೀ ಟೇಬಲ್‌ಗೆ ಅಪ್‌ಡೇಟ್ ಹೊಡೆಯಬೇಡಿ. ಆಲ್ಟರ್ ಆದ ಮೇಲೆ ಸರಿಯಾಗಿ ಸೇರಿದ ಸಾಲುಗಳೂ ಇರುತ್ತವೆ, ಅವನ್ನು ಲ್ಯಾಟಿನ್1ಗೆ ತಿರುಗಿಸಿದರೆ ಬರೀ ಪ್ರಶ್ನಾರ್ಥಕ ಚಿಹ್ನೆ ಉಳಿಯುತ್ತದೆ. ಬೈಟ್‌ಗಳನ್ನು ತೋರಿಸುವ ಹೆಕ್ಸ್ ಫಂಕ್ಷನ್ ಹಾಕಿ, ಸಿ3ಎ0ಸಿ2ಬಿ2 (ಆ ಗೆರೆಯ ‘ಎ’ ಮತ್ತು ಪುಟ್ಟ 2) ಇರುವ ಸಾಲುಗಳನ್ನು ಮಾತ್ರ ಆರಿಸಿ. ಮೊದಲು ಸೆಲೆಕ್ಟ್ ಮಾಡಿ ಕಣ್ಣಾರೆ ನೋಡಿ, ಡಂಪ್ (ಟೇಬಲ್‌ನ ನಕಲು) ತೆಗೆದಿಟ್ಟು ಆಮೇಲೆ ಅಪ್‌ಡೇಟ್.

ಇನ್ನೊಂದು ಮಾತು, ನಾನು ನೋವು ತಿಂದು ಕಲಿತದ್ದು. ಶಿರಸಿಯಲ್ಲಿ ಒಂದು ಅಡಿಕೆ ಸಹಕಾರಿ ಸಂಘದ ಸದಸ್ಯರ ಪಟ್ಟಿ ನನ್ನ ಕೈಗೆ ಬಂತು. ಹೀಗೇ ತಿರುಗಿಸಿದೆ. ಶಿರಸಿ, ಕಾರವಾರ, ಅಂಕೋಲಾ, ಹಳಿಯಾಳ ಎಲ್ಲ ಚೆನ್ನಾಗಿ ಬಂದವು. ಭಟ್ಕಳ, ಹೊನ್ನಾವರ, ಯಲ್ಲಾಪುರ, ಕುಮಟಾ ಮಾತ್ರ ನಲ್, ಅಂದರೆ ಖಾಲಿ. ಎರಡು ದಿನ ತಲೆ ಕೆಡಿಸಿಕೊಂಡೆ. ಕಾರಣ ಅರ್ಧಾಕ್ಷರದ ಚಿಹ್ನೆ ಮತ್ತು ಉಕಾರ. ಇವುಗಳ ಕೊನೆಯ ಬೈಟ್ 8ಡಿ ಮತ್ತು 81. ಲ್ಯಾಟಿನ್1ರ ವಿಂಡೋಸ್ ರೂಪವಾದ ವಿಂಡೋಸ್ 1252 ಪಟ್ಟಿಯಲ್ಲಿ ಈ ಎರಡು ಮನೆಗಳೂ ಖಾಲಿ. ಮೈಎಸ್‌ಕ್ಯೂಎಲ್ ತನ್ನ ಲ್ಯಾಟಿನ್1ನಲ್ಲಿ ಅವನ್ನು ಹಾಗೇ ಕಾಪಾಡುತ್ತದೆ. ಆದರೆ ಯಾರೋ ನಡುವೆ ಪಟ್ಟಿಯನ್ನು ಸಿಎಸ್‌ವಿ (ಅಲ್ಪವಿರಾಮ ಹಾಕಿ ಬೇರ್ಪಡಿಸಿದ ಪಠ್ಯ ಫೈಲ್) ಮಾಡಿ, ಬೇರೆ ಪ್ರೋಗ್ರಾಂನಲ್ಲಿ ತೆರೆದು ಮತ್ತೆ ತುಂಬಿದ್ದರು. ಅಲ್ಲಿ ಎರಡೂ ‘?’ ಆಗಿದ್ದವು. ಯಾವ ‘?’ ಉಕಾರ, ಯಾವುದು ಅರ್ಧಾಕ್ಷರದ್ದು ಎಂದು ಯಾವ ಫಂಕ್ಷನ್ನೂ ಹೇಳಲಾರದು. ಊರಿನ ಹೆಸರು ಊಹಿಸಬಹುದು, ಮನುಷ್ಯರ ಹೆಸರು ಊಹಿಸಬಾರದು. ಸಂಘದ ರಿಜಿಸ್ಟರ್ ಎದುರಿಟ್ಟುಕೊಂಡು ಒಂದೊಂದನ್ನೇ ಕೈಯಲ್ಲಿ ಬರೆದೆವು.

ಹಾಗಾಗಿ ನಿಮ್ಮ ಪಟ್ಟಿಯಲ್ಲಿ ಭಟ್ಕಳದ ಒಂದು ಸಾಲಿನ ಹೆಕ್ಸ್ ಇಲ್ಲಿ ಹಾಕಿ. ಅದರಲ್ಲಿ ಸಿ28ಡಿ ಇದ್ದರೆ ಎಲ್ಲವೂ ವಾಪಸ್ ಬರುತ್ತದೆ. ಆ ಜಾಗದಲ್ಲಿ 3ಎಫ್ (ಅಂದರೆ ‘?’) ಇದ್ದರೆ ಸಿಎಸ್‌ವಿಗೆ ಮುಂಚಿನ ಬ್ಯಾಕಪ್ ಹುಡುಕಲು ಈಗಲೇ ಶುರುಮಾಡಿ.