ಮಗು ಗಿಡ್ಡಗಿರುವುದಕ್ಕೆ ವಂಶ ಕಾರಣವೋ, ಆಹಾರ ಕಾರಣವೋ?

ಈಗಷ್ಟೇ ಎರಡು ವರ್ಷ ತುಂಬಿದ ನಿಮ್ಮ ಮಗ ಓರಗೆಯ ಮಕ್ಕಳಿಗಿಂತ ಗಿಡ್ಡಗಿದ್ದಾನೆ, ಮಾತೂ ಕಡಿಮೆ. ಇದು ವಂಶದಿಂದ ಬಂದದ್ದೋ, ಆಹಾರದ ಕೊರತೆಯೋ ಎಂದು ಕೇಳಿದ್ದೀರಿ. ಮಕ್ಕಳ ತೂಕ, ಎತ್ತರ ಅಳೆದು ದಾಖಲಿಸುವ ಕೆಲಸವನ್ನು ಹಲವು ವರ್ಷ ಮಾಡಿದವಳು ನಾನು. ಆದ್ದರಿಂದ ಮೊದಲು ಕೇಳುವುದು, ಅವನನ್ನು ಅಳೆದದ್ದು ಹೇಗೆ ಎಂದು. ಎರಡು ವರ್ಷದೊಳಗಿನ ಮಗುವನ್ನು ಮಲಗಿಸಿ ಅಳೆಯುತ್ತಾರೆ, ಆಮೇಲೆ ನಿಲ್ಲಿಸಿ. ನಿಲ್ಲಿಸಿದಾಗ ಅಳತೆ ಸುಮಾರು 0.7 ಸೆಂಟಿಮೀಟರ್ ಕಡಿಮೆ ಬರುತ್ತದೆ. ಅಳುತ್ತಾ ಒದೆಯುವ ಮಗುವಿನ ಮೊಣಕಾಲನ್ನು ಒಬ್ಬರು ಮೆಲ್ಲಗೆ ಒತ್ತಿ ಹಿಡಿಯದಿದ್ದರೆ ಇನ್ನೊಂದು ಸೆಂಟಿಮೀಟರ್ ತಪ್ಪುವುದೇನೂ ಅಪರೂಪವಲ್ಲ. ಹಾಗಾಗಿ ಒಂದೇ ಅಳತೆಯನ್ನು ನಂಬದೆ, ಹುಟ್ಟಿದಂದಿನಿಂದ ಬರೆದಿಟ್ಟ ಎಲ್ಲ ಅಳತೆಗಳನ್ನೂ, ಆಯಾ ವಯಸ್ಸಿನ ಎತ್ತರವನ್ನು ಗೆರೆಗಳಲ್ಲಿ ತೋರಿಸುವ ಬೆಳವಣಿಗೆಯ ನಕ್ಷೆಯಲ್ಲಿ ಗುರುತಿಸಿ ನೋಡಿ. ಕೆಳಗಿನ ಗೆರೆಯ ಬಳಿಯಲ್ಲೇ ಇದ್ದರೂ ಅದರ ಜೊತೆಜೊತೆಗೆ ಏರುತ್ತಿರುವ ಮಗುವಿಗಿಂತ, ನಡುಗೆರೆಯಿಂದ ತಿಂಗಳು ತಿಂಗಳಿಗೂ ಕೆಳಗೆ ಸರಿಯುತ್ತಿರುವ ಮಗುವಿನ ಬಗ್ಗೆ ನನಗೆ ಹೆಚ್ಚು ಚಿಂತೆ.

ತಂದೆತಾಯಿಯ ಎತ್ತರ ಮಗುವಿಗೆ ಬರುತ್ತದೆ, ನಿಜ. ಆದರೆ ಎಳವೆಯಲ್ಲಿ ವಂಶದ ಹೆಸರಿನಲ್ಲಿ ನಾವು ತಳ್ಳಿಹಾಕುವ ಎಷ್ಟೋ ಸಂಗತಿಗಳು ವಂಶದವಲ್ಲ. ವಿಶ್ವ ಆರೋಗ್ಯ ಸಂಸ್ಥೆ 1997ರಿಂದ 2003ರವರೆಗೆ ಬ್ರೆಜಿಲ್, ಘಾನಾ, ಭಾರತ, ನಾರ್ವೆ, ಒಮಾನ್ ಮತ್ತು ಅಮೆರಿಕಗಳ ಸುಮಾರು 8,500 ಮಕ್ಕಳನ್ನು ಅಳೆಸಿತು. ಎದೆಹಾಲು, ಸರಿಯಾದ ಪೂರಕ ಆಹಾರ, ವೈದ್ಯಕೀಯ ಆರೈಕೆ, ಧೂಮಪಾನ ಮಾಡದ ತಾಯಿ, ಇಷ್ಟು ಸಿಕ್ಕಿದಾಗ ಆರೂ ದೇಶಗಳ ಮಕ್ಕಳು ಐದು ವರ್ಷದವರೆಗೆ ಬಹುಮಟ್ಟಿಗೆ ಒಂದೇ ರೀತಿ ಬೆಳೆದರು. 2006ರಲ್ಲಿ ಹೊರಬಂದ ಬೆಳವಣಿಗೆಯ ಮಾನದಂಡಗಳಿಗೆ ಇದೇ ಆಧಾರ.

ಆಹಾರದ ವಿಷಯದಲ್ಲಿ, ತಟ್ಟೆಗೆ ಬಡಿಸಿದ್ದಷ್ಟನ್ನೇ ಲೆಕ್ಕ ಹಾಕಬೇಡಿ. ಮೈಗೆ ಹತ್ತಿದ್ದೆಷ್ಟು ಎಂಬುದು ಮುಖ್ಯ. ಪದೇ ಪದೇ ಭೇದಿಯಾಗುವ ಮಗುವಿಗೆ ಹಸಿವು ಕುಂದುತ್ತದೆ, ತಿಂದದ್ದು ಹೀರಿಕೆಯಾಗುವುದಿಲ್ಲ, ಇರುವ ಶಕ್ತಿ ಸೋಂಕಿನೊಡನೆ ಹೋರಾಡುವುದಕ್ಕೇ ಖರ್ಚಾಗುತ್ತದೆ. ಶುದ್ಧ ನೀರು, ಕೈ ತೊಳೆಯುವುದು, ಲಸಿಕೆ ಇವೆಲ್ಲ ಆದ್ದರಿಂದಲೇ ಎತ್ತರದ ಪ್ರಶ್ನೆಗೂ ಸೇರಿದವು. ಕಾಯಿಲೆಯ ದಿನಗಳಲ್ಲಿ ಊಟ ನಿಲ್ಲಿಸುವ ಮನೆಗಳನ್ನು ನಾನು ಬಹಳ ಕಂಡಿದ್ದೇನೆ. ಆಗ ಸ್ವಲ್ಪ ಸ್ವಲ್ಪವಾಗಿ ತಿನ್ನಿಸುತ್ತಿರಬೇಕು, ಭೇದಿ ವಾಸಿಯಾದ ಮೇಲೆ ಎರಡು ವಾರ ದಿನಕ್ಕೊಂದು ಹೊತ್ತು ಹೆಚ್ಚಿಗೆ ಉಣಿಸಬೇಕು. ಮೊದಲ ವರ್ಷ ಸುಮಾರು 25 ಸೆಂಟಿಮೀಟರ್, ಎರಡನೆಯ ವರ್ಷ ಅದರ ಅರ್ಧದಷ್ಟು ಬೆಳೆಯುವ ಮಗು ಈ ಅವಧಿಯಲ್ಲಿ ಕಳೆದುಕೊಂಡದ್ದನ್ನು ಮುಂದೆ ಪೂರ್ತಿಯಾಗಿ ಪಡೆಯುವುದು ಕಷ್ಟ. ಕಬ್ಬಿಣದ ಕೊರತೆಯಂತೂ ಅಳತೆಪಟ್ಟಿಗೆ ಸಿಗದೆಯೇ ಗಮನ ಮತ್ತು ಕಲಿಕೆಯನ್ನು ಕುಗ್ಗಿಸಬಲ್ಲದು. ಸಂಶಯವಿದ್ದರೆ ರಕ್ತಪರೀಕ್ಷೆ ಮಾಡಿಸಿ.

ಇನ್ನು ಮಾತು. ನಿಮ್ಮ ಪ್ರಶ್ನೆಯಲ್ಲಿ ಇದನ್ನು ಕೊನೆಗೆ ಒಂದೇ ಸಾಲಿನಲ್ಲಿ ಬರೆದಿದ್ದೀರಿ, ನಾನಾಗಿದ್ದರೆ ಮೊದಲು ಬರೆಯುತ್ತಿದ್ದೆ. ಮಗು ಮಾತು ಕಲಿಯುವುದು ತನ್ನ ತೊದಲಿಗೆ ಯಾರಾದರೂ ಮುಖ ನೋಡಿ ಮರುನುಡಿದಾಗ. ಮೊಬೈಲಿನ ಪರದೆ ಎಷ್ಟೇ ಮಾತಾಡಿದರೂ ಮರುನುಡಿಯುವುದಿಲ್ಲ. ಈ ವಯಸ್ಸಿಗೆ ಪರದೆಯ ಮುಂದಿನ ಸಮಯ ದಿನಕ್ಕೆ ಒಂದು ಗಂಟೆ ಮೀರಬಾರದೆಂಬ ಸಲಹೆಯಿದೆ. "ಅಮ್ಮ ಬಾ", "ನೀರು ಬೇಕು" ಎಂಬಂತೆ ಎರಡು ಪದಗಳನ್ನು ಅವನು ಇನ್ನೂ ಜೋಡಿಸುತ್ತಿಲ್ಲವಾದರೆ, ಎತ್ತರದ ಚಿಂತೆಯನ್ನು ಸ್ವಲ್ಪ ಬದಿಗಿಟ್ಟು, ಮಕ್ಕಳ ವೈದ್ಯರಿಗೆ ತೋರಿಸಿ ಅವನ ಶ್ರವಣ ಪರೀಕ್ಷೆಯನ್ನು ಈ ತಿಂಗಳೇ ಮಾಡಿಸಿ.