ಸೈಕಲ್ ಸವಾರಿಗೆ ಎಂಥ ಜೀನ್ಸ್?

ಪ್ರಶ್ನೆ: ದಿನಾ ಸೈಕಲ್‌ನಲ್ಲೇ ಆಫೀಸಿಗೆ ಹೋಗುತ್ತೇನೆ. ಯಾವ ಜೀನ್ಸ್ ತಂದರೂ ಸೀಟಿಗೆ ಉಜ್ಜುವ ಕಡೆ ಬೇಗ ಸವೆದು ಹರಿಯುತ್ತದೆ. ದಪ್ಪದ್ದು ತಂದರೆ ಮಂಡಿ ಮಡಚುವುದೇ ಕಷ್ಟ. ಏನು ನೋಡಿ ಕೊಳ್ಳಲಿ?
– ಓದುಗರೊಬ್ಬರು, ಮೈಸೂರು

ಉತ್ತರ: ಅಂಗಡಿಯಲ್ಲಿ ಮೊದಲು ಪ್ಯಾಂಟನ್ನು ಉಲ್ಟಾ ಮಾಡಿ ನೋಡಿ. ತೊಡೆಸಂದಿಯಲ್ಲಿ ನಾಲ್ಕು ಹೊಲಿಗೆ ಬಂದು ಸೇರುತ್ತವೆ, ಅಲ್ವಾ? ನೀವು ಕೂರುವುದು ಆ ಗಂಟಿನ ಮೇಲೆ. ಮೈಗೂ ಒತ್ತುತ್ತದೆ, ಬಟ್ಟೆಯೂ ಅಲ್ಲೇ ಸವೆಯುತ್ತದೆ. ಅಲ್ಲಿ ವಜ್ರಾಕಾರದ ತುಂಡು ಕೊಟ್ಟು ಹೊಲಿದಿದ್ದರೆ ಕಣ್ಣು ಮುಚ್ಚಿ ತಗೊಳ್ಳಿ. ಸಿಗೋದು ಕಡಿಮೆ. ಸಿಗದಿದ್ದರೆ ಹೊಸದಿರುವಾಗಲೇ ಒಳಗಿನಿಂದ ಹಳೇ ಜೀನ್ಸಿನ ತುಂಡು ಕೊಟ್ಟು ಹೊಲಿಸಿಬಿಡಿ. ಹರಿದ ಮೇಲೆ ತೇಪೆ ಹಾಕಿಸಿದರೆ ಅದರ ಅಂಚಿನಲ್ಲೇ ಮತ್ತೆ ಬಿಡುತ್ತದೆ. ಗಟ್ಟಿ ಸೂಜಿಯ ಮೆಷಿನ್ ಇರುವ ದರ್ಜಿಯೇ ಆಗಬೇಕು. ಬಳ್ಳಾರಿ ಕಡೆ ನೆಂಟರಿದ್ದರೆ ಕೇಳಿ, ಅಲ್ಲಿ ಜೀನ್ಸ್ ಹೊಲಿಯುವ ಕೈಗಳಿಗೆ ಬರವಿಲ್ಲ.

ಲೇಬಲ್‌ನಲ್ಲಿ ಹತ್ತಿ ಶೇ. 98, ಎಲಾಸ್ಟೇನ್ (ರಬ್ಬರಿನಂತೆ ಹಿಗ್ಗುವ ನೂಲು) ಶೇ. 2 ಇದ್ದರೆ ಸಾಕು. ಎಲಾಸ್ಟೇನ್ ತುಂಬಾ ಜಾಸ್ತಿಯಾದರೆ ಮಂಡಿಯ ಹತ್ತಿರ ಬೇಗ ಜೋತುಬೀಳುತ್ತದೆ. ನಮ್ಮ ಸೆಕೆಗೆ 10–12 ಔನ್ಸ್ (ಒಂದು ಚದರ ಗಜ ಬಟ್ಟೆಯ ತೂಕ) ಬಟ್ಟೆ ಸರಿ. ಟ್ರಯಲ್ ರೂಮಿನಲ್ಲಿ ಸುಮ್ನೆ ನಿಂತು ಕನ್ನಡಿ ನೋಡಬೇಡಿ. ಒಂದು ಕಾಲನ್ನು ಸ್ಟೂಲ್ ಮೇಲಿಟ್ಟು ಮುಂದಕ್ಕೆ ಬಗ್ಗಿ. ಹಿಂದೆ ಸೊಂಟಪಟ್ಟಿ ಕೆಳಗೆ ಜಾರಿತೋ, ವಾಪಸ್ ಕೊಟ್ಟುಬಿಡಿ.

ಇನ್ನು ಸೀಟನ್ನೂ ಒಮ್ಮೆ ಸವರಿ ನೋಡಿ. ರೆಕ್ಸಿನ್ ಬಿರಿದು ಒರಟಾಗಿದ್ದರೆ ಎಂಥ ಜೀನ್ಸೂ ಉಳಿಯಲ್ಲ.